ನಿಮಗಿದು ಗೊತ್ತೇ? ಒಂದೇ ಸಿನಿಮಾ, ಎರಡು ಡಿಸ್ಕ್, ಎರಡು ಗಾತ್ರ!

ಬೆಂಗಳೂರಿನ ಬ್ಯಾಡರಹಳ್ಳಿಯ ಹಳೆಯ ಮನೆಗಳ ಶೋಕೇಸ್ ತೆಗೆದರೆ ರಾಜ್‌ಕುಮಾರ್, ವಿಷ್ಣುವರ್ಧನ್ ಸಿನಿಮಾಗಳ ವಿಸಿಡಿ, ಡಿವಿಡಿಗಳ ಒಂದು ಕಟ್ಟು ಈಗಲೂ ಸಿಗುತ್ತದೆ. ಮಗಳ ಮದುವೆಯ ಡಿವಿಡಿಯೂ ಅದರ ನಡುವೆಯೇ ಇರುತ್ತದೆ. ಪ್ಲೇಯರ್ ಕೆಟ್ಟು ಎಷ್ಟೋ ಕಾಲವಾಗಿದೆ, ಹೊಸ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವೇ ಇರುವುದಿಲ್ಲ. ಹಾಗಾಗಿ ಮಾಗಡಿ ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ, ಫೋಟೊ ಸ್ಟುಡಿಯೊಗಳಲ್ಲಿ ‘ಇದನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಡಿ’ ಎಂದು ಕೇಳುವವರಿದ್ದಾರೆ. ಆಗ ಏಳುವ ಪ್ರಶ್ನೆ ಇದು: ‘ಸಾರ್, ಎರಡೂ ಅದೇ ಸಿನಿಮಾ, ಎರಡೂ ಎರಡೂವರೆ ಗಂಟೆ. ಒಂದು ನಾಲ್ಕು ಜಿಬಿ, ಇನ್ನೊಂದು ಏಳೂವರೆ ಜಿಬಿ ತೋರಿಸ್ತಿದೆಯಲ್ಲ, ಯಾಕೆ?’ ಒಳ್ಳೆಯ ಪ್ರಶ್ನೆ. ಅದರ ಉತ್ತರ ಹುಡುಕುತ್ತ ಹೋದರೆ ಮ್ಯೂಸಿಕ್ ಸಿ.ಡಿ.ಯ ವೇಗ, ಮಳೆ, ಕೆ.ಆರ್. ವೃತ್ತದ ಒಂದು ಎಂಜಿನಿಯರಿಂಗ್ ಕಾಲೇಜು ಎಲ್ಲವೂ ಎದುರಾಗುತ್ತವೆ.

● ವಿಸಿಡಿಯ ಫೈಲ್ ಗಾತ್ರ ನೋಡಿದರೆ ಸಾಕು, ಸಿನಿಮಾ ಎಷ್ಟು ನಿಮಿಷದ್ದೆಂದು ಹೇಳಿಬಿಡಬಹುದು! ಡಿಸ್ಕ್ ಹಾಕಿ ‘ಎಂಪಿಇಜಿಎವಿ’ ಎಂಬ ಫೋಲ್ಡರ್ ತೆರೆಯಿರಿ. ಒಳಗೆ ‘ಎವಿಎಸ್‌ಇಕ್ಯೂ01.ಡಿಎಟಿ’ ಎಂಬ ಹೆಸರಿನ ದೊಡ್ಡ ಫೈಲ್ ಇರುತ್ತದೆ. ಕಂಪ್ಯೂಟರ್ ತೋರಿಸುವ ಎಂಬಿಯನ್ನು ಹತ್ತರಿಂದ ಭಾಗಿಸಿ. 746 ಎಂಬಿ ಇದ್ದರೆ ಹೆಚ್ಚುಕಡಿಮೆ 74 ನಿಮಿಷ, 505 ಎಂಬಿ ಇದ್ದರೆ 50 ನಿಮಿಷ. ಹೊಡೆದಾಟದ ಚಿತ್ರವಾಗಲಿ, ದೇವರ ಚಿತ್ರವಾಗಲಿ, ಹರಿಕಥೆಯಾಗಲಿ, ಲೆಕ್ಕ ಬದಲಾಗದು. ಅಂದರೆ ಒಂದೇ ಅವಧಿಯ ಎರಡು ವಿಸಿಡಿಗಳ ಗಾತ್ರ ಬೇರೆಯಾಗುವ ಪ್ರಶ್ನೆಯೇ ಬರುವುದಿಲ್ಲ. ಗಾತ್ರದ ಗೊಂದಲ ಶುರುವಾದದ್ದು ಡಿವಿಡಿ ಬಂದ ಮೇಲೆ.

● ಈ ‘ನಿಮಿಷಕ್ಕೆ ಹತ್ತು ಎಂಬಿ’ ಲೆಕ್ಕವನ್ನು ಸಿನಿಮಾದವರು ಯಾರೂ ಗೊತ್ತುಮಾಡಿದ್ದಲ್ಲ, ಅದು ಹಾಡಿನ ಸಿ.ಡಿ.ಯಿಂದ ಬಂದದ್ದು. ಮ್ಯೂಸಿಕ್ ಸಿ.ಡಿ. ಪ್ಲೇಯರ್ ಒಂದು ಸೆಕೆಂಡಿಗೆ 75 ತುಣುಕು ಓದುತ್ತದೆ, ಒಂದೊಂದು ತುಣುಕು 2,352 ಬೈಟ್. 1993ರಲ್ಲಿ ಫಿಲಿಪ್ಸ್, ಸೋನಿ, ಮ್ಯಾಟ್ಸುಷಿಟಾ, ಜೆವಿಸಿ ಸೇರಿ ವಿಸಿಡಿಯ ನಿಯಮ ಬರೆದಾಗ ಅದೇ ಅಗ್ಗದ ಯಂತ್ರ, ಅದೇ ವೇಗದಲ್ಲಿ ಸಿನಿಮಾ ತೋರಿಸಬೇಕೆಂದು ತೀರ್ಮಾನಿಸಿದರು. ಹಾಡು ಹರಿಯುತ್ತಿದ್ದ ಅದೇ ಸಣ್ಣ ಕೊಳವೆಯಲ್ಲಿ ಚಿತ್ರವನ್ನೂ ಹರಿಸಬೇಕಾಯಿತು: ಚಿತ್ರಕ್ಕೆ ಸೆಕೆಂಡಿಗೆ 11.5 ಲಕ್ಷ ಬಿಟ್, ಧ್ವನಿಗೆ 2.24 ಲಕ್ಷ ಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್.

● 700 ಎಂಬಿ ಎಂದು ಮೇಲೆ ಅಚ್ಚಾಗಿರುವ ಡಿಸ್ಕ್‌ನಲ್ಲಿ 800 ಎಂಬಿಯ ಸಿನಿಮಾ ಕೂರುತ್ತದೆ! ಸುಳ್ಳಲ್ಲ. ಸಾಮಾನ್ಯ ಡೇಟಾ ಸಿ.ಡಿ.ಯಲ್ಲಿ ಒಂದೊಂದು ತುಣುಕಿನಲ್ಲೂ 2,048 ಬೈಟ್ ಮಾತ್ರ ನಿಮ್ಮ ಮಾಹಿತಿ. ಗೀರು ಬಿದ್ದಾಗ ತಪ್ಪು ತಿದ್ದಿಕೊಳ್ಳಲೆಂದು 276 ಬೈಟ್ ಮೀಸಲು. ಒಂದಂಕಿ ತಪ್ಪಿದರೆ ಬ್ಯಾಂಕಿನ ಲೆಕ್ಕ ಹಾಳಾಗುತ್ತದೆ, ಸಿನಿಮಾದಲ್ಲಾದರೆ ಒಂದು ಚುಕ್ಕೆ ಮಿನುಗಿ ಮಾಯವಾಗುತ್ತದೆ ಅಷ್ಟೆ. ಹಾಗಾಗಿ ವಿಸಿಡಿಯಲ್ಲಿ ಆ 276 ಬೈಟನ್ನೂ ಚಿತ್ರಕ್ಕೇ ಕೊಟ್ಟುಬಿಟ್ಟರು. ಗೀರು ಬಿದ್ದ ವಿಸಿಡಿಯನ್ನು ಪೆನ್‌ಡ್ರೈವ್‌ಗೆ ನಕಲು ಮಾಡಲು ಹೊರಟರೆ ಕಂಪ್ಯೂಟರ್ ಮಧ್ಯದಲ್ಲೇ ಕೈಚೆಲ್ಲುವುದು, ಅದೇ ಡಿಸ್ಕ್ ಟಿವಿ ಪ್ಲೇಯರಿನಲ್ಲಿ ಹೇಗೋ ಓಡಿಬಿಡುವುದು ಇದೇ ಕಾರಣಕ್ಕೆ.

● ಮಾತೇ ಇಲ್ಲದ ಸಿನಿಮಾದ ಧ್ವನಿಗೂ ಮಾತಿನ ಮಲ್ಲರ ಸಿನಿಮಾದ ಧ್ವನಿಗೂ ಹಿಡಿಯುವ ಜಾಗ ಒಂದೇ. ಶೃಂಗಾರ್ ನಾಗರಾಜ್ ಪಾಲುದಾರರಾಗಿ ನಿರ್ಮಿಸಿದ, ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನದ ‘ಪುಷ್ಪಕ ವಿಮಾನ’ (1987) ಬೆಂಗಳೂರಿನಲ್ಲಿ ಚಿತ್ರೀಕರಣಗೊಂಡದ್ದು. ಅದರಲ್ಲಿ ಸಂಭಾಷಣೆಯೇ ಇಲ್ಲ. ಆದರೂ ವಿಸಿಡಿಯಲ್ಲಿ ಅದರ ಧ್ವನಿಗೆ ಸೆಕೆಂಡಿಗೆ ಅದೇ 2.24 ಲಕ್ಷ ಬಿಟ್ ಸಲ್ಲಲೇಬೇಕು. ಡಿವಿಡಿಯ ಡಾಲ್ಬಿ ಧ್ವನಿಯದೂ ಇದೇ ಕಥೆ. ಮೌನಕ್ಕೂ ಮಾತಿಗೂ ಅಲ್ಲಿ ಒಂದೇ ದರ.

● ಕುಗ್ಗಿಸದೆ ಹಾಗೇ ತುಂಬಿದರೆ ಎರಡೂವರೆ ಗಂಟೆಯ ಸಿನಿಮಾಕ್ಕೆ ಡಿವಿಡಿ ಗುಣಮಟ್ಟದಲ್ಲೇ 140 ಜಿಬಿ ಬೇಕು. ಲೆಕ್ಕ ಸುಲಭ. ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ ಒಂದು ಫ್ರೇಮ್ ಎಂದರೆ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ. ಚುಕ್ಕಿಗೆ ಸರಾಸರಿ ಒಂದೂವರೆ ಬೈಟ್, ಸೆಕೆಂಡಿಗೆ 25 ಫ್ರೇಮ್, ಒಟ್ಟು 9,000 ಸೆಕೆಂಡ್. ಗುಣಿಸಿ ನೋಡಿ. ಇದನ್ನು 4.7 ಜಿಬಿಯ ಡಿಸ್ಕ್‌ಗೆ ಇಳಿಸಬೇಕೆಂದರೆ ಮೂವತ್ತರಲ್ಲಿ ಒಂದು ಪಾಲಿಗೆ ಕುಗ್ಗಿಸಬೇಕು. ಹೀಗೆ ಕುಗ್ಗಿಸುವ ವಿದ್ಯೆಯ ಬುಡದಲ್ಲಿ ಬೆಂಗಳೂರಿನ ಒಬ್ಬರಿದ್ದಾರೆ.

● ಅವರು ನಾಸಿರ್ ಅಹ್ಮದ್. ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಕೆ.ಆರ್. ವೃತ್ತದ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಿಂದ, ಅಂದರೆ ನಾವೆಲ್ಲ ಯುವಿಸಿಇ ಎಂದು ಕರೆಯುವ ಕಾಲೇಜಿನಿಂದ, 1961ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿ ಹೊರಬಂದರು. ಆಗಿನ್ನೂ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿರಲಿಲ್ಲ, ಕಾಲೇಜು ಮೈಸೂರು ವಿಶ್ವವಿದ್ಯಾಲಯದ ಕೆಳಗಿತ್ತು. ಅಲ್ಲಿಂದ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯಕ್ಕೆ ಹೋಗಿ 1966ರಲ್ಲಿ ಪಿಎಚ್.ಡಿ. ಮುಗಿಸಿದರು. ಮುಂದೆ ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ ಅವರಿಗೆ ಹೊಳೆದದ್ದು ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’, ಚಿಕ್ಕದಾಗಿ ಡಿಸಿಟಿ. 1972ರಲ್ಲಿ ಇದರ ಸಂಶೋಧನೆಗೆ ಹಣ ಕೇಳಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ವಿಚಾರ ತೀರಾ ಸರಳವಾಯಿತೆಂಬುದು ಅದನ್ನು ಪರಿಶೀಲಿಸಿದವರೊಬ್ಬರ ಆಕ್ಷೇಪ! ಅಹ್ಮದ್ ಕೈಬಿಡಲಿಲ್ಲ. 1973ರ ಬೇಸಿಗೆಯಲ್ಲಿ ಧನಸಹಾಯವಿಲ್ಲದೆಯೇ ಕೆಲಸ ಮುಂದುವರಿಸಿದರು. ಜತೆಗಿದ್ದವರು ಅವರ ಪಿಎಚ್.ಡಿ. ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸ್‌ನ ಕೆ.ಆರ್. ರಾವ್. 1974ರ ಜನವರಿಯಲ್ಲಿ ಮೂವರ ಹೆಸರಿನಲ್ಲಿ ಪ್ರಬಂಧ ಅಚ್ಚಾಯಿತು. ಇದ್ದದ್ದು ನಾಲ್ಕೇ ಪುಟ.

ಆ ನಾಲ್ಕು ಪುಟದ ಮೇಲೆ ಏನೆಲ್ಲ ನಿಂತಿದೆ ನೋಡಿ: ಫೋಟೊಗಳ ಜೆಪೆಗ್ (1992), ವಿಸಿಡಿಯ ಎಂಪೆಗ್-1, ಡಿವಿಡಿಯ ಎಂಪೆಗ್-2, ಆಮೇಲೆ ಬಂದ ಎಚ್.264, ಎಚ್‌ಇವಿಸಿ. ನೀವು ಬೆಳಿಗ್ಗೆ ಎದ್ದು ವಾಟ್ಸ್‌ಆ್ಯಪ್‌ನಲ್ಲಿ ನೋಡುವ ಶುಭೋದಯದ ಫೋಟೊ ಕೂಡ ಆ ಗಣಿತದಿಂದಲೇ ಚಿಕ್ಕದಾದದ್ದು. ನಮ್ಮ ಶಾಲೆಯ ಪಠ್ಯಪುಸ್ತಕಗಳಲ್ಲಿ ಈ ಹೆಸರು ದೊಡ್ಡ ಅಕ್ಷರಗಳಲ್ಲಿ ಇರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

● ಡಿಸಿಟಿ ಮಾಡುವ ಕೆಲಸವೇನು? ಮೊದಲು ಇಡೀ ಚಿತ್ರವನ್ನು ಎಂಟಕ್ಕೆ ಎಂಟರ ಪುಟ್ಟ ಚೌಕಗಳಾಗಿ ಕತ್ತರಿಸುತ್ತಾರೆ. ಡಿವಿಡಿಯ ಒಂದು ಫ್ರೇಮಿನಲ್ಲಿ ಇಂಥ 6,480 ಚೌಕಗಳು, ವಿಸಿಡಿಯಲ್ಲಿ 1,584. ಒಂದೊಂದರಲ್ಲೂ 64 ಚುಕ್ಕಿ. ಆ 64 ಚುಕ್ಕಿಗಳ ಬೆಳಕನ್ನು ಡಿಸಿಟಿ ಬೇರೆ 64 ಸಂಖ್ಯೆಗಳಾಗಿ ಬದಲಿಸುತ್ತದೆ. ಮೊದಲನೆಯದು ಚೌಕದ ಒಟ್ಟು ಬೆಳಕು, ನಂತರದವು ನಿಧಾನವಾದ ಏರಿಳಿತ, ಕೊನೆಕೊನೆಯವು ತೀರಾ ಸಣ್ಣ ಗೆರೆ, ನವಿರು. ನೀಲಿ ಆಕಾಶದ ಚೌಕವಾದರೆ ಮೊದಲ ಒಂದೆರಡು ಸಂಖ್ಯೆ ಬಿಟ್ಟು ಮಿಕ್ಕಿದ್ದೆಲ್ಲ ಸೊನ್ನೆಗೆ ಸಮೀಪ. ಸೊನ್ನೆಗಳನ್ನು ಸಾಲಾಗಿ ಬರೆದಿಡುವ ಅಗತ್ಯವಿಲ್ಲ, ‘ಮುಂದೆಲ್ಲ ಸೊನ್ನೆ’ ಎಂದು ಗುರುತು ಮಾಡಿದರೆ ಮುಗಿಯಿತು. ಹುಣಸೆ ಮರದ ಎಲೆಗಳಿರುವ ಚೌಕವಾದರೆ? ಅರವತ್ತನಾಲ್ಕರಲ್ಲಿ ಬಹುಪಾಲು ಸಂಖ್ಯೆಗಳು ಜೀವಂತ. ಆಕಾಶ ಅಗ್ಗ, ಎಲೆ ದುಬಾರಿ. ಗಾತ್ರದ ವ್ಯತ್ಯಾಸದ ಮೊದಲ ಗುಟ್ಟು ಇದು.

● ಎರಡನೆಯ ಗುಟ್ಟು: ಡಿಸ್ಕ್‌ನಲ್ಲಿ ಎಲ್ಲ ಫ್ರೇಮುಗಳೂ ಪೂರ್ತಿ ಇರುವುದಿಲ್ಲ. ಸುಮಾರು ಅರ್ಧ ಸೆಕೆಂಡಿಗೊಮ್ಮೆ ಮಾತ್ರ ಒಂದು ಪೂರ್ತಿ ಚಿತ್ರ. ಅದರ ನಡುವಿನ ಹತ್ತು ಹನ್ನೊಂದು ಫ್ರೇಮುಗಳಿಗೆ ‘ಹಿಂದಿನದರ ಈ ತುಂಡನ್ನು ಇಷ್ಟು ಸರಿಸಿ, ಇಷ್ಟು ಬದಲಿಸಿ’ ಎಂಬ ಸೂಚನೆ ಮಾತ್ರ. ಕಂಬಕ್ಕೆ ಒರಗಿ ನಿಂತು ಮಾತಾಡುವ ತಾಯಿಯ ದೃಶ್ಯದಲ್ಲಿ ಗೋಡೆ, ಕಂಬ, ಸೀರೆ ಎಲ್ಲವೂ ಹಿಂದಿನಂತೆಯೇ ಇರುತ್ತವೆ. ತುಟಿ, ಕಣ್ಣು ಅಲುಗಿದ್ದಷ್ಟೇ ಹೊಸತು. ಅಂಥ ದೃಶ್ಯಕ್ಕೆ ಜಾಗ ಹೆಚ್ಚು ಬೇಡ.

● ಹಾಗಾದರೆ ಕುಗ್ಗಿಸುವವರಿಗೆ ಅತಿ ಕಷ್ಟದ ದೃಶ್ಯ ಯಾವುದು? ಮಳೆ! 2006ರ ಡಿಸೆಂಬರ್ ಕೊನೆಯಲ್ಲಿ ಬಂದ ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ಯನ್ನು ನೆನಪಿಸಿಕೊಳ್ಳಿ. ಈ ಫ್ರೇಮಿನಲ್ಲಿ ಬಿದ್ದ ಹನಿ ಮುಂದಿನ ಫ್ರೇಮಿನಲ್ಲಿ ಅಲ್ಲಿರುವುದಿಲ್ಲ, ಪಕ್ಕಕ್ಕೆ ಸರಿದಿರುವುದೂ ಇಲ್ಲ. ಅದು ಹೋಗಿ ಬೇರೆ ಸಾವಿರ ಹನಿ ಬಂದಿರುತ್ತವೆ. ‘ಹಿಂದಿನದನ್ನೇ ಸರಿಸಿ’ ಎಂಬ ಸೂಚನೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಎಲ್ಲ ಚೌಕಗಳನ್ನೂ ಹೊಸದಾಗಿ ಬರೆಯಬೇಕು. ಆ ಚಿತ್ರದಲ್ಲೇ ಬರುವ ಜೋಗದ ನೀರು ಇನ್ನೂ ಕಠಿಣ. ನೊರೆ, ತುಂತುರು, ಮಂಜು ಯಾವುದೂ ಒಂದು ಕ್ಷಣದಂತೆ ಇನ್ನೊಂದು ಕ್ಷಣ ಇರುವುದಿಲ್ಲ. ಇಂಥ ದೃಶ್ಯವನ್ನು ವಿಸಿಡಿಗೆ ಇಳಿಸಿದರೆ ಸೆಕೆಂಡಿಗೆ 11.5 ಲಕ್ಷ ಬಿಟ್‌ಗಿಂತ ಹೆಚ್ಚು ಸಿಗುವಂತಿಲ್ಲ. ಆಗ ನವಿರಾದ ಸಂಖ್ಯೆಗಳನ್ನೆಲ್ಲ ಎಸೆದುಬಿಡುತ್ತಾರೆ, ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಹಳೆಯ ವಿಸಿಡಿಗಳ ಮಳೆ ಹಾಡಿನಲ್ಲಿ ಮುಖದ ಮೇಲೆ ಹೆಂಚು ಜೋಡಿಸಿದಂತೆ ಕಾಣುತ್ತಿತ್ತಲ್ಲ, ಅದು ಆ ಎಂಟಕ್ಕೆ ಎಂಟರ ಚೌಕವೇ. ಡಿವಿಡಿಯಲ್ಲಾದರೆ ಚಿತ್ರಕ್ಕೆ ಸೆಕೆಂಡಿಗೆ 98 ಲಕ್ಷ ಬಿಟ್‌ವರೆಗೆ ಹೋಗಬಹುದು, ಮಳೆಗೆ ಬೇಕಾದಷ್ಟು ಕೊಟ್ಟು ಮಾತಿನ ದೃಶ್ಯದಲ್ಲಿ ಉಳಿಸಬಹುದು.

ಕರಾವಳಿಯವರಿಗೆ ಒಂದು ಮಾತು: ತಾಳಮದ್ದಲೆಗೂ ಬಯಲಾಟಕ್ಕೂ ಇದೇ ವ್ಯತ್ಯಾಸ. ಕುಳಿತು ಅರ್ಥ ಹೇಳುವವರ ವಿಡಿಯೊ ಡಿವಿಡಿಯಲ್ಲಿ ಕಡಿಮೆ ಜಾಗಕ್ಕೇ ಚೊಕ್ಕವಾಗಿ ಕೂರುತ್ತದೆ. ಧಿಗಿಣ ಹಾಕುವ ವೇಷಕ್ಕೆ, ಮಿನುಗುವ ಕಿರೀಟಕ್ಕೆ ಬಿಟ್‌ಗಳು ಬೇಕೇ ಬೇಕು.

● ಡಿವಿಡಿ ಮಾಡುವವರು ಒಂದೇ ಸಿನಿಮಾವನ್ನು ಎರಡು ಸಲ ಓಡಿಸುತ್ತಾರೆ. ಮೊದಲನೆಯ ಸುತ್ತಿನಲ್ಲಿ ಏನನ್ನೂ ಬರೆಯುವುದಿಲ್ಲ. ಯಾವ ದೃಶ್ಯ ಎಷ್ಟು ಕಷ್ಟ ಎಂದು ಕಂಪ್ಯೂಟರ್ ಗುರುತು ಹಾಕಿಕೊಳ್ಳುತ್ತದೆ. ಎರಡನೆಯ ಸುತ್ತಿನಲ್ಲಿ ಹಂಚಿಕೆ. ತಿಂಗಳ ಸಂಬಳ ಕೈಗೆ ಬಂದ ದಿನ ಬಾಡಿಗೆಗಿಷ್ಟು, ಶಾಲೆ ಫೀಸಿಗಿಷ್ಟು, ದಿನಸಿಗಿಷ್ಟು ಎಂದು ಮನೆಯೊಡತಿ ಎತ್ತಿಡುವ ಹಾಗೆ, ಇರುವ ಜಾಗದಲ್ಲಿ ಹಾಡಿಗಿಷ್ಟು, ಹೊಡೆದಾಟಕ್ಕಿಷ್ಟು, ಮಾತಿಗಿಷ್ಟು. ಇಲ್ಲಿ ಮುಖ್ಯ ಸಂಗತಿಯೊಂದಿದೆ. ಒಟ್ಟು ಮೊತ್ತ ಎಷ್ಟೆಂಬುದನ್ನು ಸಿನಿಮಾ ನಿರ್ಧರಿಸುವುದಿಲ್ಲ. ಡಿಸ್ಕ್ ತಯಾರಿಸುವವರು ಒಂದು ಪದರದ ಡಿಸ್ಕ್ ಕೊಂಡರೋ ಎರಡು ಪದರದ್ದೋ, ಅದರಲ್ಲಿ ಇನ್ನೇನೇನು ತುಂಬಬೇಕೆಂದಿದ್ದಾರೋ, ಅದರ ಮೇಲೆ ಮೊತ್ತ ನಿಲ್ಲುತ್ತದೆ. ಎರಡೂವರೆ ಗಂಟೆಯ ಚಿತ್ರವನ್ನು ಒಂದು ಪದರಕ್ಕೆ ತುಂಬಿದರೆ ಧ್ವನಿಯೂ ಸೇರಿ ಸೆಕೆಂಡಿಗೆ ಸರಾಸರಿ 42 ಲಕ್ಷ ಬಿಟ್, ಎರಡು ಪದರಕ್ಕಾದರೆ 75 ಲಕ್ಷ. ನಾಲ್ಕು ಜಿಬಿ, ಏಳೂವರೆ ಜಿಬಿ ಎಂಬ ನಿಮ್ಮ ಎರಡು ಡಿಸ್ಕ್‌ಗಳ ಕಥೆ ಬಹುಮಟ್ಟಿಗೆ ಇಲ್ಲೇ ಇದೆ. ಎರಡೂ ಒರಿಜಿನಲ್ ಆಗಿರಬಹುದು.

● ‘ಒಂದೇ ಡಿವಿಡಿಯಲ್ಲಿ ಮೂರು ಸಿನಿಮಾ’ ಎಂದರೆ ಲಾಭವೇ? 4.7 ಜಿಬಿಯ ಒಂದು ಪದರದ ಡಿಸ್ಕ್‌ಗೆ ಎರಡೂವರೆ ಗಂಟೆಯ ಮೂರು ಚಿತ್ರಗಳನ್ನು ತುಂಬಿದರೆ ಸೆಕೆಂಡಿಗೆ ಸಿಗುವುದು ಸುಮಾರು 13.9 ಲಕ್ಷ ಬಿಟ್. ವಿಸಿಡಿಯ ಚಿತ್ರ, ಧ್ವನಿ ಕೂಡಿಸಿ ನೋಡಿ: 13.7 ಲಕ್ಷ! ಹೆಸರಿಗೆ ಡಿವಿಡಿ, ಸಿಗುವ ಬಿಟ್ ವಿಸಿಡಿಯಷ್ಟೇ. ಸಾಲದ್ದಕ್ಕೆ ಡಿವಿಡಿಯ ಪೂರ್ಣ ಫ್ರೇಮಿನಲ್ಲಿ ವಿಸಿಡಿಯ ನಾಲ್ಕು ಪಟ್ಟು ಚುಕ್ಕಿಗಳಿವೆ, ಅಷ್ಟೇ ಬಿಟ್‌ಗಳನ್ನು ನಾಲ್ಕು ಪಟ್ಟು ತೆಳ್ಳಗೆ ಸವರಬೇಕು. ಚಿತ್ರ ಮಸುಕಾಗದೆ ಇನ್ನೇನಾದೀತು?

● ಲಾಭದ ಮಾತು ಬಂತು ಎಂದು ನೆನಪಿಸುತ್ತೇನೆ. 2007ರಲ್ಲಿ ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿತು. ಬಾಡಿಗೆಗೆ ತರುತ್ತಿದ್ದ ಮನೆಗಳು ಕೊಂಡು ಇಟ್ಟುಕೊಳ್ಳುವಂತಾದದ್ದು ಅಲ್ಲಿಂದ.

● 4.7 ಜಿಬಿ ಡಿಸ್ಕ್ ಕಂಪ್ಯೂಟರಿನಲ್ಲಿ 4.37 ಎಂದು ತೋರಿಸುತ್ತದೆ, ಯಾರೂ ನಿಮ್ಮನ್ನು ಮೋಸಗೊಳಿಸಿಲ್ಲ. ಡಿಸ್ಕ್ ಮಾಡುವವರಿಗೆ ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್. ವಿಂಡೋಸ್‌ಗೆ ಅದು 107 ಕೋಟಿ ಚಿಲ್ಲರೆ. ಅದೇ ಲೆಕ್ಕದಲ್ಲಿ 25 ಜಿಬಿಯ ಬ್ಲೂ-ರೇ 23.3 ಆಗುತ್ತದೆ.

● ಎರಡು ಪದರದ ಡಿವಿಡಿಯಲ್ಲಿ 4.7ರ ಎರಡರಷ್ಟು, ಅಂದರೆ 9.4 ಜಿಬಿ ಇರಬೇಕಿತ್ತಲ್ಲ, 8.5 ಮಾತ್ರ ಯಾಕೆ? ಒಳಗಿನ ಪದರವನ್ನು ಮೇಲಿನ ಪದರದ ಮೂಲಕವೇ ಓದಬೇಕು. ಗುರುತು ತಪ್ಪಬಾರದೆಂದು ಎರಡೂ ಪದರಗಳಲ್ಲಿ ಮಾಹಿತಿ ಹೊತ್ತ ಕುಳಿಗಳನ್ನು ಶೇ 10ರಷ್ಟು ಉದ್ದ ಮಾಡಿದ್ದಾರೆ. 0.40 ಮೈಕ್ರಾನ್ ಇದ್ದದ್ದು 0.44 ಆಯಿತು, ಜಾಗ ಅಷ್ಟು ಕಡಿಮೆಯಾಯಿತು. ಸಿನಿಮಾದ ಮಧ್ಯೆ ಒಂದು ಕಡೆ ಚಿತ್ರ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತರೆ ಡಿಸ್ಕ್ ಕೆಟ್ಟಿದೆ ಎಂದುಕೊಳ್ಳಬೇಡಿ, ಲೇಸರ್ ಒಂದು ಪದರದಿಂದ ಇನ್ನೊಂದಕ್ಕೆ ಇಳಿಯುತ್ತಿರಬಹುದು.

● ಡಿವಿಡಿಯ ಒಳಗೆ ಸಿನಿಮಾ ನಾಲ್ಕೈದು ತುಂಡಾಗಿರುವುದನ್ನು ನೋಡಿ ಗಾಬರಿಯಾಗುವವರುಂಟು. ‘ವಿಒಬಿ’ ಎಂಬ ಆ ಫೈಲುಗಳಲ್ಲಿ ಒಂದೊಂದೂ ಒಂದು ಜಿಬಿ ಮೀರಬಾರದೆಂಬುದು ನಿಯಮ. ಕೊನೆಯದು ಮಾತ್ರ ಚಿಕ್ಕದು, ಉಳಿದದ್ದೆಷ್ಟೋ ಅಷ್ಟು.

● ಅದೇ ಸಿನಿಮಾ ಒಂದು ಡಿಸ್ಕ್‌ನಲ್ಲಿ 150 ನಿಮಿಷ, ಇನ್ನೊಂದರಲ್ಲಿ 144 ನಿಮಿಷ ಬರಬಹುದು, ಒಂದು ದೃಶ್ಯವನ್ನೂ ಕತ್ತರಿಸದೆ! ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಪಾಲ್ ಟಿವಿಗೆ 25 ಬೇಕು. ಸುಲಭದ ದಾರಿಯೆಂದರೆ ಸ್ವಲ್ಪ ಬೇಗ ಓಡಿಸುವುದು. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಕೆಲವು ಫ್ರೇಮುಗಳನ್ನು ಮರುಕಳಿಸಿ ಹೊಂದಿಸುತ್ತಾರೆ, ಹಾಗಾಗಿ ಅವಧಿ ಬದಲಾಗದು. ಅಲ್ಲಿನ ಕನ್ನಡಿಗರ ಮನೆಯ ಡಿಸ್ಕ್‌ಗೂ ಇಲ್ಲಿನ ಡಿಸ್ಕ್‌ಗೂ ಆರು ನಿಮಿಷದ ಅಂತರ ಬಂದರೆ ಸೆನ್ಸಾರಿನವರನ್ನು ಬಯ್ಯಬೇಕಿಲ್ಲ. ಸಂಗೀತ ಬಲ್ಲವರು ಇನ್ನೊಂದನ್ನು ಗಮನಿಸಿರಬಹುದು. ಧ್ವನಿಯನ್ನು ಸರಿಪಡಿಸದೆ ಬೇಗ ಓಡಿಸಿದರೆ ಶ್ರುತಿ ಮೇಲೇರುತ್ತದೆ, ಒಂದು ಸ್ವರಸ್ಥಾನದ ಮುಕ್ಕಾಲು ಪಾಲಿಗೆ ಹತ್ತಿರ. ಪಿ.ಬಿ. ಶ್ರೀನಿವಾಸ್ ದನಿ ತುಸು ಎಳೆಯದಾಗಿ ಕೇಳಿಸಿದರೆ ಕಾರಣ ಇದಿರಬಹುದು.

● ಕಪ್ಪುಬಿಳುಪು ಚಿತ್ರದ ಗಾತ್ರ ಕಡಿಮೆಯೇ? ‘ಕಸ್ತೂರಿ ನಿವಾಸ’ 1971ರಲ್ಲಿ ಕಪ್ಪುಬಿಳುಪಿನಲ್ಲಿ ಬಂತು, 2014ರಲ್ಲಿ ಬಣ್ಣ ತುಂಬಿಸಿಕೊಂಡು ಮತ್ತೆ ಬಂತು. ನಮ್ಮ ಕಣ್ಣಿಗೆ ಬೆಳಕಿನ ಏರಿಳಿತ ಕಂಡಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತ ಕಾಣದು. ಅದಕ್ಕೆ ಡಿವಿಡಿಯಲ್ಲಿ ನಾಲ್ಕು ಚುಕ್ಕಿಗೆ ಒಂದೇ ಬಣ್ಣದ ಲೆಕ್ಕ ಇಡುತ್ತಾರೆ. ಕಪ್ಪುಬಿಳುಪಿನಲ್ಲಿ ಆ ಖರ್ಚೂ ಇಲ್ಲ. ಆದರೆ ಉಳಿತಾಯವೆಲ್ಲ ಬೇರೆ ಕಡೆ ಸೋರಿಹೋಗುತ್ತದೆ. ಹಳೆಯ ರೀಲಿನ ಮೇಲಿನ ಗೀರು, ಧೂಳು, ಫಿಲ್ಮಿನ ಸಹಜ ಮರಳುಮರಳು ಕಣಗಳು ಫ್ರೇಮಿನಿಂದ ಫ್ರೇಮಿಗೆ ಬೇರೆ. ಕಂಪ್ಯೂಟರಿಗೆ ಅದೂ ಒಂದು ಮಳೆಯೇ.

ಇದನ್ನು ಒತ್ತಿ ಹೇಳಬೇಕು. ಗಾತ್ರವೆಂಬುದು ಎಷ್ಟು ಖರ್ಚಾಯಿತು ಎಂಬ ಲೆಕ್ಕ, ಏನು ಸಿಕ್ಕಿತು ಎಂಬ ಲೆಕ್ಕ ಬೇರೆಯೇ. ಸವೆದ ಪ್ರಿಂಟಿನಿಂದ ತೆಗೆದ 7 ಜಿಬಿಯ ಡಿಸ್ಕ್‌ಗಿಂತ ಮೂಲ ನೆಗೆಟಿವ್ ತೊಳೆದು ತೆಗೆದ 4 ಜಿಬಿಯ ಡಿಸ್ಕ್ ಚೆಂದ ಕಾಣಬಹುದು. ಚಿತ್ರಮಂದಿರದ ಕತ್ತಲಲ್ಲಿ ಕದ್ದು ಚಿತ್ರಿಸಿದ ಪ್ರತಿಗಳ ವಿಷಯದಲ್ಲಿ ಇದು ಇನ್ನೂ ನಿಜ. ಕಡಿಮೆ ಬೆಳಕಿನಲ್ಲಿ ಕ್ಯಾಮೆರಾ ತಾನೇ ಸೃಷ್ಟಿಸುವ ಕಣಗಳಿಗೇ ಬಿಟ್‌ಗಳೆಲ್ಲ ಸುರಿದುಹೋಗುತ್ತವೆ. ಫೈಲ್ ದಪ್ಪ, ನಟನ ಮುಖ ಮಾತ್ರ ಕಾಣದು.

● ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಬಿಟ್ ಉಳಿತಾಯ. ‘ಸೊಸೆ ತಂದ ಸೌಭಾಗ್ಯ’ (1977) ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರವೆಂದು ಹೆಸರಾದದ್ದು. ಅಂಥ ಅಗಲದ ಚಿತ್ರವನ್ನು ಕತ್ತರಿಸದೆ ವಿಸಿಡಿಯ ಚೌಕ ಪರದೆಗೆ ಕೂರಿಸಿದರೆ 288 ಸಾಲುಗಳಲ್ಲಿ ಸುಮಾರು 163ರಲ್ಲಿ ಮಾತ್ರ ಚಿತ್ರ. ಮಿಕ್ಕ ಕಪ್ಪಿಗೆ ಖರ್ಚೇ ಇಲ್ಲ. ಹಾಗಾಗಿ ಆ ಬಿಟ್‌ಗಳೂ ಚಿತ್ರಕ್ಕೇ ಸಲ್ಲುತ್ತವೆ.

● ಐದು ಭಾಷೆಯ ಧ್ವನಿ ಸೇರಿದರೆ ಅರ್ಧ ಡಿವಿಡಿ ಅಲ್ಲಿಗೇ ಮುಗಿಯಿತು. ‘ಕೆಜಿಎಫ್’ (2018) ಕನ್ನಡ, ತೆಲುಗು, ತಮಿಳು, ಮಲಯಾಳಂ, ಹಿಂದಿಗಳಲ್ಲಿ ಬಂದ ಚಿತ್ರ. ಅಂಥದೊಂದು ಎರಡೂವರೆ ಗಂಟೆಯ ಚಿತ್ರಕ್ಕೆ ಸೆಕೆಂಡಿಗೆ 4.48 ಲಕ್ಷ ಬಿಟ್‌ನ ಡಾಲ್ಬಿ ಧ್ವನಿ ಕೊಟ್ಟರೆ ಒಂದು ಭಾಷೆಗೆ 504 ಎಂಬಿ, ಐದಕ್ಕೆ ಎರಡೂವರೆ ಜಿಬಿ. ಡಿವಿಡಿಯ ನಿಯಮದಲ್ಲಿ ಎಂಟು ಧ್ವನಿಪಥಗಳವರೆಗೆ ಅವಕಾಶವಿದೆ.

● ಡಿವಿಡಿಯ ಅಡಿಬರಹ ಅಕ್ಷರವಲ್ಲ, ಚಿತ್ರ! ಸಣ್ಣ ಸಣ್ಣ ನಾಲ್ಕು ಬಣ್ಣದ ಚಿತ್ರಗಳು, ಅಷ್ಟೆ. ಹಾಗಾಗಿ ಕನ್ನಡ ಲಿಪಿಯ ಗಂಧವೇ ಇಲ್ಲದ ಜಪಾನಿ ಪ್ಲೇಯರ್ ಕೂಡ ಕನ್ನಡ ಅಡಿಬರಹವನ್ನು ಒತ್ತಕ್ಷರ ತಪ್ಪದೆ ತೋರಿಸಬಲ್ಲದು. 32 ಭಾಷೆಗಳಿಗೆ ಜಾಗವಿದೆ, ಹಿಡಿಯುವ ಗಾತ್ರ ಅತ್ಯಲ್ಪ. ಈಗಿನ ಯುನಿಕೋಡ್ ಅಡಿಬರಹದ ಫೈಲುಗಳಲ್ಲಿ ಅಕ್ಷರಗಳೇ ಇರುತ್ತವೆ. ಅಲ್ಲಿ ಸಾಮಾನ್ಯ ಯುಟಿಎಫ್-8 ಕ್ರಮದಲ್ಲಿ ‘ಬ್ಯಾಡರಹಳ್ಳಿ’ ಎಂದು ಬರೆಯಲು 33 ಬೈಟ್ ಸಾಕು.

● ಈಗ ಮದುವೆ ಡಿವಿಡಿಗೆ ಬರೋಣ. ಮುಹೂರ್ತದ ಒಂದು ಗಂಟೆಯ ಡಿಸ್ಕ್ ಕೂಡ 4.3 ಜಿಬಿ, ಆರತಕ್ಷತೆಯ ಆರು ಗಂಟೆಯ ಡಿಸ್ಕ್ ಕೂಡ 4.3 ಜಿಬಿ ಇದ್ದರೆ ಆಶ್ಚರ್ಯಪಡಬೇಡಿ. ಟಿವಿ ಪಕ್ಕ ಇಡುವ ಡಿವಿಡಿ ರೆಕಾರ್ಡರುಗಳಲ್ಲಿ ಒಂದು, ಎರಡು, ನಾಲ್ಕು, ಆರು ಗಂಟೆಗಳ ಆಯ್ಕೆಗಳಿದ್ದವು. ಯಾವುದನ್ನು ಒತ್ತಿದರೂ ಡಿಸ್ಕ್ ತುಂಬುತ್ತಿತ್ತು, ಕಡಿಮೆಯಾಗುತ್ತಿದ್ದದ್ದು ಚಿತ್ರದ ಸ್ಪಷ್ಟತೆ. ಮೂಲ ಚಿತ್ರೀಕರಣ ಮಿನಿ ಡಿವಿ ಕ್ಯಾಸೆಟ್ಟಿನಲ್ಲಾಗಿದ್ದರೆ ಅದು ಗಂಟೆಗೆ 13 ಜಿಬಿ. ಅದರ ಒಂದೊಂದು ಫ್ರೇಮೂ 1,44,000 ಬೈಟ್, ಧಾರೆ ಎರೆಯುವ ಗಡಿಬಿಡಿಯಾಗಲಿ, ಊಟದ ಪಂಕ್ತಿಯಾಗಲಿ. ಆ ಕ್ಯಾಸೆಟ್ ಇನ್ನೂ ನಿಮ್ಮ ಬಳಿ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಡಿವಿಡಿಗಿಂತ ಅದೇ ಮೂಲಕ್ಕೆ ಹತ್ತಿರ.

● ರೀಲಿನ ಕಾಲದಲ್ಲಿ ಈ ತಕರಾರೇ ಇರಲಿಲ್ಲ. 35 ಎಂ.ಎಂ. ಫಿಲ್ಮ್ ಸೆಕೆಂಡಿಗೆ ಒಂದೂವರೆ ಅಡಿ. ಎರಡೂವರೆ ಗಂಟೆಗೆ 13,500 ಅಡಿ, ಅಂದರೆ 4,115 ಮೀಟರ್. ಬ್ಯಾಡರಹಳ್ಳಿಯಿಂದ ಸುಂಕದಕಟ್ಟೆ ಕಡೆಗೆ ಬಿಚ್ಚುತ್ತ ಹೊರಟರೆ ನಾಲ್ಕು ಕಿಲೋಮೀಟರ್ ದಾಟುತ್ತದೆ. ಸೆನ್ಸಾರ್ ಪ್ರಮಾಣಪತ್ರದಲ್ಲಿ ಉದ್ದವನ್ನು ಮೀಟರಿನಲ್ಲಿ ಬರೆಯುತ್ತಿದ್ದದ್ದು ನೆನಪಿರಬೇಕು. ಮಳೆಗೂ ಮೌನಕ್ಕೂ ಅಷ್ಟೇ ಫಿಲ್ಮು. ಈಗಿನ ಚಿತ್ರಮಂದಿರಗಳ ಡಿಜಿಟಲ್ ಪ್ರತಿಯಲ್ಲಿ ಎಲ್ಲ ಫ್ರೇಮೂ ಸ್ವತಂತ್ರ, ‘ಹಿಂದಿನದನ್ನು ನೋಡಿಕೊ’ ಎಂಬ ಸೂಚನೆಯೇ ಇಲ್ಲ. ಅದಕ್ಕೇ ಚಿತ್ರಭಾಗವೊಂದೇ 281 ಜಿಬಿವರೆಗೆ ಹೋಗಬಹುದು.

● ಹೊಸ ಫೈಲ್ ಚಿಕ್ಕದಾದ ಮಾತ್ರಕ್ಕೆ ಕೀಳಲ್ಲ. 1990ರ ದಶಕದ ಎಂಪೆಗ್-2ಗೆ ಬೇಕಾದ ಜಾಗದ ಸುಮಾರು ಅರ್ಧದಲ್ಲಿ 2003ರ ಎಚ್.264 ಅದೇ ಚಿತ್ರ ಕೊಡುತ್ತದೆ. ಅದರ ಸುಮಾರು ಅರ್ಧದಲ್ಲಿ 2013ರ ಎಚ್‌ಇವಿಸಿ. 2018ರ ಎವಿ1ರಲ್ಲಿ ಇನ್ನೊಂದು ಉಪಾಯವಿದೆ: ಫಿಲ್ಮಿನ ಮರಳು ಕಣಗಳನ್ನು ಮೊದಲೇ ತೆಗೆದುಹಾಕಿ, ಅವುಗಳ ಸ್ವಭಾವವನ್ನಷ್ಟೇ ಬರೆದಿಟ್ಟು, ನೋಡುವಾಗ ಹೊಸದಾಗಿ ಉದುರಿಸಬಹುದು!

● ಆದರೆ ಈ ಆಸೆಗೆ ಬಿದ್ದು ಹಳೆಯ ವಿಸಿಡಿಯನ್ನು ‘ಎಚ್‌ಡಿ ಮಾಡಿಕೊಡಿ’ ಎಂದು ಕೇಳಬೇಡಿ. ಒಮ್ಮೆ ಎಸೆದ ಸಂಖ್ಯೆ ಮರಳಿ ಬಾರದು. 750 ಎಂಬಿಯ ಫೈಲನ್ನು 4 ಜಿಬಿಗೆ ಉಬ್ಬಿಸಿದರೆ ಆ ಚೌಕಚೌಕಗಳನ್ನೇ ಹೆಚ್ಚು ಶ್ರದ್ಧೆಯಿಂದ ಬರೆದಿಟ್ಟಂತಾಗುತ್ತದೆ. ಡಿವಿಡಿಯನ್ನು ಕುಗ್ಗಿಸಿ ಎಂಪಿ4 ಮಾಡಿಕೊಟ್ಟರೂ ಒಂದಿಷ್ಟು ಹೋಗುತ್ತದೆ. ‘ಡಿಸ್ಕ್‌ನಲ್ಲಿ ಹೇಗಿದೆಯೋ ಹಾಗೇ ಹಾಕಿಕೊಡಿ’ ಎಂದು ಕೇಳಿ. ಹಾರ್ಡ್ ಡಿಸ್ಕ್ ಅಗ್ಗವಾಗಿರುವ ಈ ಕಾಲದಲ್ಲಿ ನಾಲ್ಕು ಜಿಬಿ ಉಳಿಸಲು ಹೋಗಿ ಮದುವೆಯ ಮುಖಗಳನ್ನು ಮಸುಕು ಮಾಡಿಕೊಳ್ಳುವುದು ತರವಲ್ಲ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ (1934) ಇಂದು ನೋಡಲು ಸಿಗುವುದಿಲ್ಲ, ಅದರ ಒಂದು ಪ್ರತಿಯೂ ಉಳಿದಿಲ್ಲ. ಅಪರೂಪದ ಚಿತ್ರದ ವಿಸಿಡಿ ಇರುವವರಿಗೆ ಇಷ್ಟು ಹೇಳಿದರೆ ಸಾಕು.

● ಅಂಗಡಿಯಲ್ಲಿ ಸುಟ್ಟುಕೊಟ್ಟ (ಬರ್ನ್ ಮಾಡಿದ) ಡಿಸ್ಕ್‌ಗಳನ್ನು ಮೊದಲು ನಕಲು ಮಾಡಿಸಿ, ಕಂಪನಿಯ ಡಿಸ್ಕ್‌ಗಳು ಆಮೇಲೆ. ಕಂಪನಿಯದರಲ್ಲಿ ಮಾಹಿತಿ ಇರುವುದು ಅಚ್ಚೊತ್ತಿದ ಕುಳಿಗಳಲ್ಲಿ. ಸುಟ್ಟ ಡಿಸ್ಕ್‌ನಲ್ಲಿ ಇರುವುದು ಬಣ್ಣದ ಪದರದಲ್ಲಿ, ತಳ ನೇರಳೆಯಾಗಿ ಕಾಣುವುದು ಅದಕ್ಕೇ. ಬಿಸಿಲು, ಸೆಕೆ ಆ ಬಣ್ಣವನ್ನು ಕೆಡಿಸುತ್ತವೆ. ಟಿವಿ ಮೇಲೆ ಕಿಟಕಿಯ ಬಿಸಿಲಿಗೆ ಬಿದ್ದಿದ್ದರೆ ತಡ ಮಾಡಬೇಡಿ.

● ಇಡೀ ಡಿಸ್ಕನ್ನು ಒಂದೇ ಫೈಲಾಗಿ ನಕಲು ಮಾಡುವಾಗ ‘ಫೈಲ್ ತುಂಬಾ ದೊಡ್ಡದು’ ಎಂದು ಬಂದರೆ, ಪೆನ್‌ಡ್ರೈವ್‌ನಲ್ಲಿ 32 ಜಿಬಿ ಖಾಲಿ ಇದ್ದರೂ, ಅದು ಫ್ಯಾಟ್32 ಎಂಬ ಹಳೆಯ ಕ್ರಮದಲ್ಲಿದೆ ಎಂದರ್ಥ. ಅಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಿಕೊಳ್ಳಿ. ಬದಲಿಸುವಾಗ ಒಳಗಿದ್ದುದೆಲ್ಲ ಅಳಿಸಿಹೋಗುತ್ತದೆ, ಮೊದಲೇ ಬೇರೆ ಕಡೆ ಇಟ್ಟುಕೊಳ್ಳಿ.

● ನಕಲು ಸರಿಯಾಗಿದೆಯೇ ಎಂದು ನೋಡಲು ಫೈಲಿನ ಪ್ರಾಪರ್ಟೀಸ್ ತೆರೆದರೆ ಎರಡು ಸಂಖ್ಯೆ ಕಾಣುತ್ತವೆ: ‘ಸೈಜ್’ ಮತ್ತು ‘ಸೈಜ್ ಆನ್ ಡಿಸ್ಕ್’. ಎರಡನೆಯದು ಡಿಸ್ಕ್‌ಗೂ ಪೆನ್‌ಡ್ರೈವ್‌ಗೂ ಬೇರೆ ಬರುವುದು ಸಹಜ, ಒಂದೊಂದೂ ತನ್ನ ಅಳತೆಯ ಖಾನೆಗಳಲ್ಲಿ ಫೈಲನ್ನು ಕೂರಿಸುತ್ತದೆ. ನೋಡಬೇಕಾದದ್ದು ಮೊದಲನೆಯದು. ಅಲ್ಲಿ ಬ್ರಾಕೆಟ್ಟಿನಲ್ಲಿ ಬೈಟ್‌ಗಳ ಪೂರ್ಣ ಸಂಖ್ಯೆ ಇರುತ್ತದೆ. ಡಿವಿಡಿಯ ಒಂದೊಂದು ವಿಒಬಿಯ ಸಂಖ್ಯೆಯೂ ಎರಡು ಕಡೆ ಕೊನೆಯ ಅಂಕಿಯವರೆಗೆ ಹೊಂದಬೇಕು. ಒಂದೇ ಒಂದು ಅಂಕಿ ಬೇರೆಯಾಗಿದ್ದರೂ ಆ ಫೈಲನ್ನು ಮತ್ತೆ ನಕಲು ಮಾಡಿಸಿ.